ಸ್ಯಾಮುವೆಲ್ ಹೆಬಿಕ್: ತನ್ನ ತಪ್ಪಿನಿಂದ ಮಾತು ಶುರು ಮಾಡಿದ ಪಾದ್ರಿ



ಇದು ನಮ್ಮ ಗೋಡೆ ಪತ್ರಿಕೆಯ ಡಿಸೆಂಬರ್ ಸಂಚಿಕೆ. ತಿಂಗಳಿಗೊಬ್ಬ ಮಹನೀಯರ ಜೀವನ ಚರಿತ್ರೆ ಹಾಕೋದು ನಮ್ಮ ಪದ್ಧತಿ. ಅಕ್ಟೋಬರಿನಲ್ಲಿ ಗಾಂಧೀಜಿ ಆದರು, ನವೆಂಬರಿನಲ್ಲಿ ಕನಕದಾಸರು ಆದರು. ಈ ತಿಂಗಳು ಕ್ರಿಸ್‌ಮಸ್ ಬರ್ತದಲ್ಲ ಸಾರ್, ಕ್ರೈಸ್ತರಲ್ಲಿ ಒಬ್ಬರ ಬಗ್ಗೆ ಬರೀರಿ ಅಂತ ಸಂಪಾದಕ ಮಂಡಳಿಯ ಹುಡುಗಿಯರು ನನ್ನ ಬೆನ್ನು ಹತ್ತಿದರು. ಕಿಟೆಲ್ ಅವರ ಬಗ್ಗೆ ಬರೀತೀನಿ ಅಂತಲೇ ಎಲ್ಲರೂ ತಿಳಿದಿದ್ದರು. ಕಿಟೆಲ್ ಯಾರಿಗೆ ಗೊತ್ತಿಲ್ಲ ಹೇಳಿ. 1894ರಲ್ಲಿ ದೊಡ್ಡ ಕನ್ನಡ ನಿಘಂಟು ಕೊಟ್ಟ ಪುಣ್ಯಾತ್ಮರು. ಪ್ರಬಂಧ ಸ್ಪರ್ಧೆಗೆ ನೀವೇ ಎಷ್ಟು ಸಲ ಬರೆದೀರಿ. ಅದಕ್ಕೇ ನಾನು ಈ ಸಲ ಕಿಟೆಲ್‌ಗಿಂತ 19 ವರ್ಷ ಮೊದಲು ನಮ್ಮ ನಾಡಿಗೆ ಬಂದ ಇನ್ನೊಬ್ಬರನ್ನು ಆರಿಸಿಕೊಂಡೆ. ಅವರು ನಿಘಂಟು ಬರೆಯಲಿಲ್ಲ, ಪತ್ರಿಕೆ ಮಾಡಲಿಲ್ಲ. ಬಂದ ನಾಡಿನ ಭಾಷೆಗಳೂ ಅವರಿಗೆ ಪೂರ್ತಿ ಒಲಿಯಲಿಲ್ಲ. ಜೀವಮಾನವಿಡೀ ಒಂದೇ ಮಾತು ಹೇಳುತ್ತಾ ತಿರುಗಿದರು: ಮನುಷ್ಯ ತಪ್ಪು ಮಾಡಿದ್ದಾನೆ, ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಅಂತ. ಅವರ ಹೆಸರು ಸ್ಯಾಮುವೆಲ್ ಹೆಬಿಕ್.

ನನಗೆ ಇವರ ಹೆಸರು ಗೊತ್ತಾದದ್ದು ಒಂದು ತರಬೇತಿಯಿಂದ. ಶಿಕ್ಷಕರ ತರಬೇತಿಗೆ ಅಂತ ಮಂಗಳೂರಿಗೆ ಹೋಗಿದ್ದೆ. ಸಂಜೆ ಹೊತ್ತು ಬಲ್ಮಠದ ಗುಡ್ಡದ ಮೇಲೆ ಸುತ್ತಾಡುವಾಗ ಒಂದು ತಾಂತ್ರಿಕ ತರಬೇತಿ ಸಂಸ್ಥೆಯ ಫಲಕದಲ್ಲಿ ಹೆಬಿಕ್ ಅಂತ ಬರೆದಿತ್ತು. ಇದೇನು ಹೆಸರು ಅಂತ ಜೊತೆಗಿದ್ದ ಮೇಷ್ಟ್ರನ್ನು ಕೇಳಿದೆ. ಅವರು ಆ ಕಡೆಯವರೇ, ಬಾಸೆಲ್ ಮಿಷನ್ ಮನೆತನದವರು. ಅವರ ಮನೆಗೆ ಕರಕೊಂಡು ಹೋಗಿ, ಮೀನು ಬಿಟ್ಟು ನನಗೆ ಅಂತ ಬೇರೆ ಅಡಿಗೆ ಮಾಡಿಸಿ, ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಳೇ ಪುಸ್ತಕಗಳನ್ನು ತೋರಿಸಿದರು. ಅದರಲ್ಲಿ ಒಂದು ಚಿತ್ರದ ಪುಸ್ತಕ ನೋಡಿದ ಮೇಲೆ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದನ್ನು ಆಮೇಲೆ ಹೇಳ್ತೀನಿ.

ಹೆಬಿಕ್ ಹುಟ್ಟಿದ್ದು 1803ರ ಏಪ್ರಿಲ್ 29ರಂದು. ಜರ್ಮನಿಯಲ್ಲಿ ಉಲ್ಮ್ ಅಂತ ಒಂದು ಪಟ್ಟಣ ಇದೆ, ಅದರ ಹತ್ತಿರದ ನೆಲ್ಲಿಂಗನ್ ಅನ್ನೋ ಹಳ್ಳಿ. ತಂದೆ ಅಲ್ಲಿನ ಪಾದ್ರಿ. ಮನೆಯಲ್ಲಿ ಮಕ್ಕಳು ಜಾಸ್ತಿ, ಹುಡುಗನನ್ನು ಓದಿಸಿ ಪಾದ್ರಿ ಮಾಡೋದು ಆಗಲಿಲ್ಲ. ಇನ್ನೂ ಮೀಸೆ ಬಾರದ ವಯಸ್ಸಿನಲ್ಲೇ ಉತ್ತರದ ಕಡೆಗೆ, ಲ್ಯೂಬೆಕ್ ಅನ್ನೋ ಬಂದರು ಪಟ್ಟಣಕ್ಕೆ, ವ್ಯಾಪಾರ ಕಲಿಯಲು ಕಳಿಸಿದರು. ಅಂಗಡಿಯಲ್ಲಿ ಲೆಕ್ಕ ಬರೆಯೋದು, ಸರಕು ತೂಗೋದು. ನಮ್ಮ ಊರಿನ ಹುಡುಗರು ಹರಪನಹಳ್ಳಿಗೋ ದಾವಣಗೆರೆಗೋ ಹೋಗಿ ಅಂಗಡಿಯಲ್ಲಿ ನಿಲ್ಲೋದಿಲ್ಲವೇ, ಹಂಗೆ.

ಅಲ್ಲಿ ಅವರ ಮನಸ್ಸಿನಲ್ಲಿ ಒಂದು ಕಿರಿಕಿರಿ ಶುರುವಾಯ್ತು. ಹುಡುಗ ಕಳ್ಳತನ ಮಾಡಿದವನಲ್ಲ, ಕುಡಿದವನಲ್ಲ. ಹೊರಗಿನಿಂದ ನೋಡಿದವರು ಯಾರೂ ಬೆರಳು ಮಾಡಿ ತೋರಿಸುವಂಥ ತಪ್ಪು ಇರಲಿಲ್ಲ. ಆದರೂ ಒಳಗೊಳಗೇ ನಾನು ಸರಿ ಇಲ್ಲ, ದೇವರ ಮುಂದೆ ನಿಲ್ಲೋ ಯೋಗ್ಯತೆ ನನಗಿಲ್ಲ ಅನ್ನೋ ಸಂಕಟ. ಒಳ್ಳೆಯವನಾಗಬೇಕು ಅಂತ ಪ್ರಯತ್ನ ಮಾಡಿದಷ್ಟೂ ಅದು ಹೆಚ್ಚಾಯ್ತೇ ಹೊರತು ಕಡಿಮೆ ಆಗಲಿಲ್ಲ. 1821ರ ಜೂನ್ ತಿಂಗಳಲ್ಲಿ, 18ರ ವಯಸ್ಸಿನಲ್ಲಿ, ಪ್ರಾರ್ಥನೆ ಮಾಡುವಾಗ ತನ್ನ ಪಾಪವೆಲ್ಲ ಕ್ಷಮಿಸಲ್ಪಟ್ಟಿತು ಅನ್ನೋ ನಂಬಿಕೆ ಅವರಿಗೆ ಬಂತು. ಆ ದಿನವನ್ನು ಅವರು ತಮ್ಮ ಎರಡನೇ ಹುಟ್ಟುಹಬ್ಬ ಅಂತ ಕಡೇತನಕ ನೆನೆದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಕ್ರೈಸ್ತರು ಪಾಪ ಅನ್ನೋದಕ್ಕೂ ನಾವು ಹಳ್ಳಿಯಲ್ಲಿ ಪಾಪ ಅನ್ನೋದಕ್ಕೂ ವ್ಯತ್ಯಾಸ ಇದೆ. ನಾವು ಮಗು ಬಿದ್ದರೂ ಅಯ್ಯೋ ಪಾಪ ಅಂತೀವಿ. ಕಷ್ಟ ಬಂದರೆ ಹಿಂದಿನ ಜನ್ಮದ ಪಾಪ ಅಂತೀವಿ. ಅವರಲ್ಲಿ ಹಿಂದಿನ ಜನ್ಮದ ಲೆಕ್ಕ ಇಲ್ಲ, ಮುಂದಿನ ಜನ್ಮದಲ್ಲಿ ತೀರಿಸೋಣ ಅನ್ನೋಕೂ ದಾರಿ ಇಲ್ಲ. ಪಾಪ ಅಂದ್ರೆ ಒಂದೊಂದು ತಪ್ಪು ಕೆಲಸ ಮಾತ್ರ ಅಲ್ಲ. ಮನುಷ್ಯ ದೇವರಿಗೆ ಬೆನ್ನು ಮಾಡಿ ನಿಂತಿದ್ದಾನಲ್ಲ, ಆ ನಿಂತದ್ದೇ ಪಾಪ. ಒಂದೊಂದು ತಪ್ಪೂ ಆ ಬೇರಿನಿಂದ ಬಂದ ಚಿಗುರು. ಆದ್ದರಿಂದಲೇ ಕನ್ನಡ ಕ್ರೈಸ್ತರು ಪಶ್ಚಾತ್ತಾಪ ಅನ್ನೋ ಮಾತಿನ ಜೊತೆಗೆ ಮಾನಸಾಂತರ ಅಂತ ಇನ್ನೊಂದು ಮಾತು ಬಳಸ್ತಾರೆ. ಪಶ್ಚಾತ್ತಾಪ ಅಂದ್ರೆ ಆಮೇಲೆ ಬೇಯೋದು. ಮಾನಸಾಂತರ ಅಂದ್ರೆ ಮನಸ್ಸೇ ಬೇರೆ ಆಗೋದು, ಬೆನ್ನು ತಿರುಗಿಸಿ ಮುಖ ಮಾಡೋದು. ಬರೀ ಬೇಯೋದರಿಂದ ಏನೂ ಆಗಲ್ಲ. ಬೈಬಲಿನಲ್ಲಿ ಯೇಸುವಿನ ಶಿಷ್ಯರಿಬ್ಬರ ಕತೆ ಇದೆ. ಪೇತ್ರ ಮೂರು ಸಲ ಆತನನ್ನು ಅರಿಯೆ ಅಂದ, ಕೋಳಿ ಕೂಗಿದಾಗ ಹೊರಗೆ ಹೋಗಿ ಅತ್ತ. ಯೂದ 30 ಬೆಳ್ಳಿ ನಾಣ್ಯಕ್ಕೆ ಗುರುವನ್ನು ಹಿಡಿದುಕೊಟ್ಟ, ಅವನೂ ನೊಂದುಕೊಂಡು ನಾಣ್ಯ ಬಿಸಾಕಿದ. ಇಬ್ಬರೂ ಬೆಂದರು. ಒಬ್ಬ ತಿರುಗಿ ಬಂದ, ಇನ್ನೊಬ್ಬ ನೇಣು ಹಾಕಿಕೊಂಡ.

ಇದನ್ನೆಲ್ಲ ಕನ್ನಡದಲ್ಲಿ ಓದೋಕೆ ಸಾಧ್ಯ ಆದದ್ದು ನಮ್ಮ ಸೀಮೆಯಿಂದಲೇ ಅಂತ ನಿಮಗೆ ಗೊತ್ತೇ? 1810ರಲ್ಲಿ ಜಾನ್ ಹ್ಯಾಂಡ್ಸ್ ಅನ್ನೋ ಲಂಡನ್ ಮಿಷನ್ನಿನ ಪಾದ್ರಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಅಚ್ಚಾಯಿತು. ಈಗ ನಮ್ಮ ತಾಲ್ಲೂಕು 2021ರಿಂದ ವಿಜಯನಗರ ಜಿಲ್ಲೆ ಆಗಿದೆ. ನಡುವೆ 1997ರಿಂದ 2018ರವರೆಗೆ ದಾವಣಗೆರೆಗೆ ಸೇರಿತ್ತು. ಆದರೆ ನನ್ನ ವಯಸ್ಸಿನವರಿಗೆ ಇನ್ನೂ ಬಾಯಲ್ಲಿ ಬರೋದು ಬಳ್ಳಾರಿ ಜಿಲ್ಲೆ ಅಂತಲೇ.

ಮತ್ತೆ ಹೆಬಿಕ್ ಅವರ ಕಡೆ ಬರೋಣ. ಪಾಪಕ್ಷಮೆಯ ನಂಬಿಕೆ ಬಂದ ಮರುದಿನವೇ ಅವರು ಸನ್ಯಾಸಿ ಆಗಲಿಲ್ಲ. ಹತ್ತು ವರ್ಷ ವ್ಯಾಪಾರದ ಕೆಲಸವನ್ನೇ ಮಾಡಿದರು. ಸ್ವೀಡನ್, ಫಿನ್‌ಲೆಂಡ್, ರಷ್ಯಾ ಕಡೆಯೆಲ್ಲ ತಿರುಗಿದರು. ನನಗೆ ಇದು ಬಹಳ ಇಷ್ಟವಾದ ಸಂಗತಿ. ದೇವರು ಸಿಕ್ಕ ಅಂತ ಕೆಲಸ ಬಿಟ್ಟು ಕೂತವರಲ್ಲ, ಲೆಕ್ಕದ ಪುಸ್ತಕ ಸರಿಯಾಗಿ ಬರೆದವರು. 1831ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಶಾಲೆ ಸೇರಿದರು. ಆ ಮಿಷನ್ 1815ರಲ್ಲಿ ಶುರುವಾದದ್ದು. 1833ರಲ್ಲಿ ಇಂಗ್ಲೆಂಡಿನ ಸಂಸತ್ತು ಹೊಸ ಕಾಯಿದೆ ಮಾಡಿತು. ಅದರಿಂದ ಇಂಗ್ಲಿಷರಲ್ಲದ ಪಾದ್ರಿಗಳಿಗೂ ಹಿಂದೂಸ್ತಾನಕ್ಕೆ ಬರಲು ದಾರಿ ಆಯ್ತು. ಮರುವರ್ಷವೇ ಬಾಸೆಲ್‌ನವರು ಮೂವರನ್ನು ಹಡಗು ಹತ್ತಿಸಿದರು: ಲೇನರ್, ಗ್ರೈನರ್, ಹೆಬಿಕ್. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಆಫ್ರಿಕಾವನ್ನು ಪೂರ್ತಿ ಸುತ್ತಿಕೊಂಡೇ ಬರಬೇಕು. 1834ರ ಅಕ್ಟೋಬರ್ ಮಧ್ಯದಲ್ಲಿ ಕಲ್ಲಿಕೋಟೆಯಲ್ಲಿ ಇಳಿದರು, ಅದೇ ತಿಂಗಳ 30ರಂದು ಮಂಗಳೂರು ಸೇರಿದರು.

ಮಂಗಳೂರಿನಲ್ಲಿ ಕನ್ನಡ ಕಲಿತರು. ಮಿಷನ್ನಿನವರು 1836ರಲ್ಲಿ ಕನ್ನಡ ಶಾಲೆ ತೆರೆದರು. ಆ ವರ್ಷವೇ ಬಂದ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಡಿಸಿದ್ದು ನಿಮಗೆ ಪಾಠದಲ್ಲೇ ಇದೆ. ಅದು ಮೊದಲು ಕಲ್ಲಚ್ಚಿನಲ್ಲಿ ಬರುತ್ತಿತ್ತು. ಅಂದ್ರೆ ಕೈಯಲ್ಲಿ ಬರೆದದ್ದನ್ನೇ ಕಲ್ಲಿನ ಮೇಲೆ ಮೂಡಿಸಿ ಅಚ್ಚು ಹಾಕೋದು. ಕನ್ನಡದ ಮೊದಲ ಪತ್ರಿಕೆಯೂ ನಮ್ಮದರ ಹಾಗೆ ಕೈಬರಹದ್ದೇ, ಬೇಜಾರು ಮಾಡ್ಕೋಬೇಡ್ರಿ. ಮರುವರ್ಷ ಅದು ಬಳ್ಳಾರಿಗೆ ಬಂದು ಕನ್ನಡ ಸಮಾಚಾರ ಅಂತಾಗಿ ಮೊಳೆ ಅಚ್ಚಿನಲ್ಲಿ ಬಂತು.

ಹೆಬಿಕ್ ಅವರದು ಬರೆಯುವ ಸ್ವಭಾವ ಅಲ್ಲ. ಬಾಯಲ್ಲಿ ಹೇಳೋದು, ಅದೂ ಎದುರಿಗೆ ನಿಂತು ಹೇಳೋದು. 1841ರಲ್ಲಿ ಅವರು ದಕ್ಷಿಣಕ್ಕೆ ಕಣ್ಣೂರಿಗೆ ಹೋಗಿ ನೆಲೆಸಿದರು. ಅಲ್ಲಿ ಇಂಗ್ಲಿಷರ ದೊಡ್ಡ ದಂಡು ಇತ್ತು. ಮಲಯಾಳ ಅವರ ನಾಲಿಗೆಗೆ ಹತ್ತಲೇ ಇಲ್ಲ. ಸರಳ ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಹೇಳೋದು, ಪಕ್ಕದಲ್ಲಿ ನಿಂತ ಸ್ಥಳೀಯ ಕ್ರೈಸ್ತ ಅದನ್ನು ಮಲಯಾಳದಲ್ಲಿ ಹೇಳೋದು, ಹಿಂಗೇ ಹದಿನೆಂಟು ವರ್ಷ ನಡೆಯಿತು. ಇಂಗ್ಲಿಷೂ ಅವರ ತಾಯಿಮಾತಲ್ಲ, ಒಡೆದ ಇಂಗ್ಲಿಷು. ಎದೆ ತುಂಬ ಗಡ್ಡ. ದಂಡಿನ ಸಾಹೇಬರು ಮೊದಮೊದಲು ನೋಡಿ ನಕ್ಕರು.

ಆ ನಕ್ಕವರ ಬಂಗಲೆಗೇ ಹೆಬಿಕ್ ಹೋಗುತ್ತಿದ್ದರು. ಒಬ್ಬ ತರುಣ ಅಧಿಕಾರಿ ತನ್ನ ಅನುಭವ ಬರೆದಿಟ್ಟಿದ್ದಾನೆ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬೇಜಾರಾಗಿ ಕುಳಿತಿದ್ದಾಗ ಈ ಗಡ್ಡದ ಪಾದ್ರಿ ಒಳಗೆ ಬಂದರು. ಹವೆ, ಬೇಟೆ, ಕುದುರೆ ಅಂತ ಲೋಕಾಭಿರಾಮ ಏನೂ ಇಲ್ಲ. ಬೈಬಲ್ ತೆಗಿ ಅಂದರು. ಹುಡುಗನಿಗೆ ನಾಚಿಕೆ, ಅದನ್ನು ಮುಟ್ಟದೆ ಎಷ್ಟೋ ದಿನ ಆಗಿತ್ತು. ಮೊದಲನೇ ಪುಟ ಓದಿಸಿದರು. ಭೂಮಿ ಬರಿದಾಗಿತ್ತು, ಕತ್ತಲೆ ಕವಿದಿತ್ತು ಅನ್ನೋ ಭಾಗ ಅದು. ಇದು ಭೂಮಿಯ ಕತೆ ಮಾತ್ರ ಅಲ್ಲ, ನಿನ್ನ ಎದೆಯ ಕತೆ ಅಂತ ತಿಳಿಸಿ, ಜೊತೆಗೆ ಮೊಣಕಾಲೂರಿ ಪ್ರಾರ್ಥನೆ ಮಾಡಿ ಎದ್ದು ಹೋದರು. ಮರುದಿನ ಮತ್ತೆ ಬಂದರು. ಆ ಅಧಿಕಾರಿ ಕೊನೆಗೆ ಕುಡಿತ, ಜೂಜಿನ ಗೆಳೆಯರ ಸಹವಾಸ ಬಿಟ್ಟ. ಹೀಗೆ ಬದಲಾದವರು ಒಬ್ಬಿಬ್ಬರಲ್ಲ. ಮದ್ರಾಸು ಸೇನೆಯ 39ನೇ ಪಡೆಗೆ ಹೆಬಿಕ್‌ರ ಪಡೆ ಅಂತಲೇ ಅಡ್ಡಹೆಸರು ಬಿತ್ತು. ಗೇಲಿಗೆ ಇಟ್ಟ ಹೆಸರು ಆಮೇಲೆ ಗೌರವದ್ದಾಯ್ತು.

ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಏನಂದ್ರೆ, ಅವರು ಸಾಹೇಬರಿಗೆ ಒಂದು ಮಾತು, ಕೂಲಿಯವರಿಗೆ ಒಂದು ಮಾತು ಹೇಳಲಿಲ್ಲ. ಆ ಕಾಲದಲ್ಲಿ ಇಂಗ್ಲಿಷರು ಅಂದ್ರೆ ಆಳುವವರು. ಧರ್ಮದಲ್ಲೂ ತಾವೇ ಮೇಲು, ತಿದ್ದಿಕೊಳ್ಳಬೇಕಾದವರು ಕಪ್ಪು ಜನ ಅಂತ ತಿಳಿದವರು. ಅಂಥವರ ಮುಂದೆ ನಿಂತು ನೀನೂ ಪಾಪಿ, ಹುಟ್ಟಿನಿಂದ ಕ್ರೈಸ್ತ ಅಂತ ಹೇಳಿಕೊಂಡರೆ ಆಗಲಿಲ್ಲ ಅಂದರು. ಹಾಗೆ ಹೇಳುವಾಗ ನಾನೂ ಪಾಪಿಯೇ, ನನ್ನನ್ನೇ ದೇವರು ಕ್ಷಮಿಸಿದ ಮೇಲೆ ನಿನ್ನನ್ನು ಬಿಡುತ್ತಾನೆಯೇ ಅಂತ ತಮ್ಮಿಂದಲೇ ಶುರು ಮಾಡುತ್ತಿದ್ದರು. ಪ್ರಾರ್ಥನೆಗೆ ಬಂದವರಲ್ಲಿ ಅಧಿಕಾರಿಗಳೂ ಇದ್ದರು, ಅವರ ಮನೆಯ ಆಳುಗಳೂ ಇದ್ದರು. ಕಣ್ಣೂರಿನ ಹತ್ತಿರ ಅಂಜರಕಂಡಿ ಅಂತ ದಾಲ್ಚಿನ್ನಿ ತೋಟ ಇತ್ತು, ಇಂಗ್ಲಿಷ್ ಮನೆತನದ್ದು. ಅಲ್ಲಿ ದುಡಿಯುತ್ತಿದ್ದವರು ಕೊಂಡು ಮಾರುವ ಗುಲಾಮರಾಗಿದ್ದ ಪುಲಯ ಜನ. 1843ರ ಕಾಯಿದೆ ಬರುವವರೆಗೆ ಗುಲಾಮಗಿರಿಗೆ ಸರ್ಕಾರದ ಕಾನೂನಿನ ಬೆಂಬಲವೇ ಇತ್ತು. ಬಾಸೆಲ್ ಮಿಷನ್ನಿನವರು ಆ ಜನರ ನಡುವೆಯೂ ಹೋದರು.

ಕ್ಷಮೆ ಸಿಗೋದು ಹೇಗೆ ಅನ್ನೋದರಲ್ಲಿ ಹೆಬಿಕ್ ಅವರ ಪಂಥ ಖಡಾಖಂಡಿತ. ಮಂಗಳೂರಿನಲ್ಲಿ ಅವರಿಗಿಂತ ಬಹಳ ಹಿಂದಿನಿಂದಲೂ ಕೆಥೋಲಿಕ್ ಕ್ರೈಸ್ತರು ಇದ್ದರು, ಈಗಲೂ ಇದ್ದಾರೆ. ಅವರಲ್ಲಿ ಗುರುಗಳ ಹತ್ತಿರ ಗುಟ್ಟಾಗಿ ಪಾಪನಿವೇದನೆ ಮಾಡುವ ಸಂಸ್ಕಾರ ಇದೆ. ಗುರು ಅದನ್ನು ಯಾರಿಗೂ ಹೇಳುವಂತಿಲ್ಲ. ಹೆಬಿಕ್ ಅವರು ಪ್ರೊಟೆಸ್ಟೆಂಟ್. ನೇರವಾಗಿ ದೇವರಿಗೇ ಹೇಳು, ನಡುವೆ ಯೇಸು ಒಬ್ಬನೇ ಸಾಕು ಅನ್ನೋದು ಅವರ ಮಾರ್ಗ. ದಿಂಡುರುಳಿದರೆ, ಉಪವಾಸ ಮಾಡಿದರೆ, ದಾನ ಕೊಟ್ಟರೆ ಕ್ಷಮೆ ಸಿಗೋದಿಲ್ಲ, ಅದು ಕೊಂಡುಕೊಳ್ಳುವ ವಸ್ತು ಅಲ್ಲ, ಬಿಟ್ಟಿ ಕೊಡುಗೆ ಅನ್ನುತ್ತಿದ್ದರು. ಮನೆ ಬಿಟ್ಟು ಹೋಗಿ ಅಪ್ಪನ ಆಸ್ತಿಯನ್ನೆಲ್ಲ ಹಾಳು ಮಾಡಿ, ಹಂದಿ ಕಾಯುವ ಗತಿಗೆ ಬಂದು, ಆಳಾಗಿ ಇರ್ತೀನಿ ಅಂತ ವಾಪಸ್ಸು ಬಂದ ಮಗನ ಕತೆ ಯೇಸು ಹೇಳಿದ್ದು. ಮಗ ದೂರದಲ್ಲಿ ಬರುವಾಗಲೇ ಅಪ್ಪ ಓಡಿ ಹೋಗಿ ಅಪ್ಪಿಕೊಂಡ, ಅವನ ಮಾತು ಮುಗಿಯೋ ತನಕ ಕಾಯಲಿಲ್ಲ. ಇದನ್ನು ಕೇಳಿ ನಮ್ಮ ಎಂಟನೇ ತರಗತಿ ಹುಡುಗ ಒಬ್ಬ ಸರಿಯಾದ ಪ್ರಶ್ನೆ ಹಾಕಿದ: ಹಂಗಾದ್ರೆ ತಪ್ಪು ಮಾಡಿ ಮಾಡಿ ಕ್ಷಮೆ ಕೇಳ್ತಾ ಇರಬಹುದಲ್ಲ ಸಾರ್? ಅದಕ್ಕೆ ಅದೇ ಬೈಬಲಿನಲ್ಲಿ ಜಕ್ಕಾಯನ ಕತೆ ಇದೆ. ಅವನು ಸುಂಕದವನು, ಜನರಿಂದ ಹೆಚ್ಚಿಗೆ ಕಿತ್ತುಕೊಂಡವನು. ಕುಳ್ಳ ಇದ್ದದ್ದಕ್ಕೆ ಮರ ಹತ್ತಿ ಯೇಸುವನ್ನು ನೋಡಿದ. ಯೇಸು ಅವನ ಮನೆಗೇ ಬಂದ. ಆಗ ಜಕ್ಕಾಯ ತಾನಾಗಿ ಎದ್ದು ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ಸು ಅಂತ ಹೇಳಿದ. ಮೊದಲು ದುಡ್ಡು ಕೊಡು, ಆಮೇಲೆ ಬರ್ತೀನಿ ಅಂತ ಯೇಸು ಹೇಳಲಿಲ್ಲ. ಆದರೆ ಬಂದ ಮೇಲೆ ಜಕ್ಕಾಯನಿಗೆ ದುಡ್ಡು ಇಟ್ಟುಕೊಂಡು ಸುಮ್ಮನೆ ಕೂರೋಕೆ ಆಗಲಿಲ್ಲ.

ಇನ್ನು ಆ ಚಿತ್ರದ ಪುಸ್ತಕ. ಮಂಗಳೂರಿನ ಅಜ್ಜಿಯ ಪೆಟ್ಟಿಗೆಯಲ್ಲಿ ನೋಡಿದೆ ಅಂದೆನಲ್ಲ, ಅದು ಮೂಲದಲ್ಲಿ ಗೊಸ್ನರ್ ಅನ್ನೋ ಜರ್ಮನ್ ಪಾದ್ರಿ 1812ರಲ್ಲಿ ಹೊರತಂದದ್ದು. ಮಿಷನ್ನಿನವರು ಅದನ್ನು ನಮ್ಮ ದೇಶದ ಹಲವು ಭಾಷೆಗಳಿಗೆ ತಂದರು, ಕನ್ನಡಕ್ಕೂ ತಂದರು. ಹತ್ತು ಚಿತ್ರ. ಒಂದೊಂದರಲ್ಲೂ ಒಂದು ದೊಡ್ಡ ಹೃದಯ, ಅದರ ಮೇಲೆ ಮನುಷ್ಯನ ಮುಖ. ಮೊದಲನೇ ಚಿತ್ರದ ಹೃದಯದೊಳಗೆ ಪ್ರಾಣಿಗಳು ಕಿಕ್ಕಿರಿದಿವೆ. ಅಹಂಕಾರಕ್ಕೆ ನವಿಲು, ಕಾಮಕ್ಕೆ ಹೋತ, ಹೊಟ್ಟೆಬಾಕತನಕ್ಕೆ ಹಂದಿ, ಹೊಟ್ಟೆಕಿಚ್ಚಿಗೆ ಹಾವು, ಸಿಟ್ಟಿಗೆ ಹುಲಿ, ಸೋಮಾರಿತನಕ್ಕೆ ಆಮೆ, ದುರಾಸೆಗೆ ಕಪ್ಪೆ. ಮಧ್ಯದಲ್ಲಿ ಸೈತಾನ. ಮುಂದಿನ ಚಿತ್ರದಲ್ಲಿ ಬೆಳಕು ಬೀಳ್ತದೆ, ಪ್ರಾಣಿಗಳು ಹೊರಗೆ ಹೊರಡ್ತವೆ. ಆದರೆ ಅಲ್ಲಿಗೇ ಮುಗಿಯೋದಿಲ್ಲ. ಆಮೇಲಿನ ಒಂದು ಚಿತ್ರದಲ್ಲಿ ಮನುಷ್ಯ ಮೈಮರೆತಾಗ ಅವೇ ಪ್ರಾಣಿಗಳು ಹಿಂದಕ್ಕೆ ಬರ್ತವೆ, ಮೊದಲಿಗಿಂತ ಹೆಚ್ಚಾಗಿ. ಓದು ಬಾರದವರೂ ನೋಡಿದ ಕೂಡಲೇ ಅರ್ಥ ಮಾಡಿಕೊಳ್ಳುವ ಪುಸ್ತಕ. ನಮ್ಮ ಡ್ರಾಯಿಂಗ್ ಮೇಷ್ಟ್ರು ಮೊದಲನೇ ಚಿತ್ರವನ್ನು ಪಕ್ಕದ ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ, ನೋಡಿ. ಹುಲಿ ಸ್ವಲ್ಪ ಬೆಕ್ಕಿನ ಹಾಗೆ ಬಂದಿದೆ, ಅವರೇ ಹೇಳಿ ನಕ್ಕರು.

ಆ ಪುಸ್ತಕ ನೋಡಿದಾಗ ನನ್ನ ಕಣ್ಣು ನಿಂತದ್ದು ಕಪ್ಪೆಯ ಮೇಲೆ. ಯಾಕಂದ್ರೆ ಹೇಳ್ತೀನಿ. ನಾನು ಆರನೇ ತರಗತಿಯಲ್ಲಿದ್ದಾಗ, ಈ ಶಾಲೆಯಲ್ಲ, ಬೇರೆ ಊರಿನ ಶಾಲೆ, ಧ್ವಜ ದಿನದ ಚೀಟಿ ಮಾರಿದ ದುಡ್ಡಿನ ಡಬ್ಬಿಯನ್ನು ಇಬ್ಬರ ಕೈಗೆ ಕೊಟ್ಟಿದ್ದರು. ನಾನು ಒಬ್ಬ, ಕುರಿ ಕಾಯುವವರ ಮನೆಯ ಹುಡುಗ ಒಬ್ಬ. ಅದರಿಂದ ನಾನು ಐದು ರೂಪಾಯಿ ತೆಗೆದೆ. ಸಂತೆಯಲ್ಲಿ ಮಿರ್ಚಿ, ಮಂಡಕ್ಕಿ ತಿಂದೆ, ಉಳಿದದ್ದಕ್ಕೆ ಒಂದು ಪೆನ್ನು ಕೊಂಡೆ. ಲೆಕ್ಕ ತಪ್ಪಿದಾಗ ಕೇಳಿದರು. ನಾನು ಊರಲ್ಲಿ ಅನುಕೂಲಸ್ಥರ ಮನೆಯವನು, ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅವನಿಗೆ ಹೊಡೆತ ಬಿತ್ತು. ಬಿಸಿಲಿನಲ್ಲಿ ನಿಲ್ಲಿಸಿದರು. ಅವನು ನನ್ನ ಕಡೆ ಒಂದು ಸಲ ನೋಡಿದ, ನಾನು ತಲೆ ತಗ್ಗಿಸಿದೆ. ಒಂದು ವಾರ ಆದ ಮೇಲೆ ಅವನು ಶಾಲೆಗೆ ಬರೋದು ನಿಂತಿತು. ಇಷ್ಟು ವರ್ಷ ಮೇಷ್ಟ್ರಾಗಿ ಸತ್ಯವನ್ನೇ ಹೇಳಿ ಅಂತ ಮಕ್ಕಳಿಗೆ ಪಾಠ ಮಾಡಿದೆ. ಇದನ್ನು ಮಾತ್ರ ಯಾರ ಹತ್ತಿರವೂ ಹೇಳಿರಲಿಲ್ಲ.

ಹೆಬಿಕ್ ಅವರ ಬಗ್ಗೆ ಎಲ್ಲವನ್ನೂ ಹೊಗಳಿ ಬರೆದರೆ ಅದು ಸುಳ್ಳಾಗ್ತದೆ. ಅವರು ಜಾತ್ರೆಗಳಿಗೆ ಹೋಗುತ್ತಿದ್ದರು. ತಳಿಪರಂಬದ ಜಾತ್ರೆ, ಪಯ್ಯಾವೂರಿನ ಶಿವನ ಜಾತ್ರೆ. ಪಯ್ಯಾವೂರಿಗೆ ಕೊಡಗಿನವರು ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಬರುವ ಪದ್ಧತಿ ಇದೆ. ಅಲ್ಲಿ ಜನರ ನಡುವೆ ನಿಂತು ಈ ಪೂಜೆ ಪಾಪ, ಬಿಟ್ಟುಬಿಡಿ ಅಂತ ಸಾರುತ್ತಿದ್ದರು. ಜನ ಕೆಸರು, ಸಗಣಿ ಎಸೆದರು, ಕಲ್ಲೂ ಬಿತ್ತು. ಮೈಯೆಲ್ಲ ಕೆಸರಾದರೂ ಅವರು ಹೋಗಲಿಲ್ಲ, ಮರುವರ್ಷ ಮತ್ತೆ ಅದೇ ಜಾಗಕ್ಕೆ ಬಂದರು. ಧೈರ್ಯಕ್ಕೆ ಮೆಚ್ಚಬೇಕು. ಆದರೆ ನಮ್ಮ ಬಾಗಳಿಯ ಕಲ್ಲೇಶ್ವರನ ಗುಡಿ ನೋಡಿ. ಸಾವಿರ ವರ್ಷದ ಹಿಂದಿನದು, ಚಾಲುಕ್ಯರ ಕಾಲದ್ದು. ಆ ಗುಡಿ ಮುಂದೆ ಒಬ್ಬ ಬಂದು ನಿಮ್ಮ ಅಜ್ಜ ಮುತ್ತಜ್ಜ ಮಾಡಿದ್ದೆಲ್ಲ ಪಾಪ ಅಂದರೆ ನಮಗೆ ಹೇಗಾಗ್ತದೆ? ಕೆಸರು ಎಸೆಯೋದು ತಪ್ಪು, ಒಪ್ಪಿದೆ. ಆದರೆ ಎಸೆದವರಿಗೆ ನೋವಾಗಿತ್ತು ಅನ್ನೋದೂ ನಿಜ. ತನ್ನ ತಪ್ಪಿನಿಂದ ಮಾತು ಶುರು ಮಾಡುವ ಮನುಷ್ಯ ಜಾತ್ರೆಯಲ್ಲಿ ಮಾತ್ರ ಬೇರೆಯವರ ತಪ್ಪಿನಿಂದ ಶುರು ಮಾಡಿದರು ಅಂತ ನನಗನಿಸ್ತದೆ. ನಮ್ಮ ಶರಣರೂ ತಪ್ಪು ಹುಡುಕುವಾಗ ಮೊದಲು ತಮ್ಮೊಳಗೇ ಹುಡುಕಿಕೊಂಡವರು.

ಇನ್ನೊಂದು, ಅವರು ಬಹಳ ಬಿಗಿ. ಸಭೆಗೆ ಸೇರಿದವರ ಮನೆ ವಿಚಾರಕ್ಕೆಲ್ಲ ಕೈ ಹಾಕುತ್ತಿದ್ದರು, ಎಲ್ಲವೂ ತಾವು ಹೇಳಿದಂತೆಯೇ ಆಗಬೇಕು. ಜೊತೆಯ ಪಾದ್ರಿಗಳಿಗೇ ಇದು ಹಿಡಿಸುತ್ತಿರಲಿಲ್ಲ. ಮಲಯಾಳದ ದೊಡ್ಡ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರಿಗೂ ಇವರಿಗೂ ಎಷ್ಟೋ ವಿಷಯದಲ್ಲಿ ಹೊಂದುತ್ತಿರಲಿಲ್ಲ. ಆದರೆ ಹೆಬಿಕ್ ತೀರಿಕೊಂಡ ಮೇಲೆ ಅವರ ಜೀವನ ಚರಿತ್ರೆ ಬರೆಯಲು ಕೂತವರೂ ಅದೇ ಗುಂಡರ್ಟ್. ಜಗಳ ಆಡಿದವನ ಬಗ್ಗೆ ನ್ಯಾಯವಾಗಿ ಬರೆಯೋದು ಸುಲಭ ಅಲ್ಲ, ಬರೆದು ನೋಡಿದವರಿಗೇ ಗೊತ್ತು.

ಇವರ ಮಾತು ಕೇಳಿ ಕ್ರೈಸ್ತರಾದವರ ಕಷ್ಟವನ್ನೂ ಹೇಳಬೇಕು. ಹೆಬಿಕ್ ಅವರಿಗೆ ಕೆಸರು ಬಿತ್ತು, ತೊಳೆದುಕೊಂಡರೆ ಹೋಯ್ತು. ಮತ ಬದಲಾಯಿಸಿದವರಿಗೆ ಮನೆ ಹೋಯ್ತು, ಕುಲಕಸುಬು ಹೋಯ್ತು, ಬಾವಿ ನೀರು ಹೋಯ್ತು. 1844ರಲ್ಲಿ ಮಂಗಳೂರಿನಲ್ಲಿ ಕ್ರೈಸ್ತರಾದ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ತರುಣನಿಗೆ ಹೆಂಡತಿಯೇ ದೂರವಾದಳು. ಇಂಥವರ ಹೊಟ್ಟೆಪಾಡಿಗೆ ಅಂತ ಮಿಷನ್ನಿನವರು ನೇಯ್ಗೆ ಶಾಲೆ, ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಅಂತ ನಾವು ಕರೆಯೋದು 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಆ ಕಾರ್ಖಾನೆಯಿಂದಲೇ ಹೆಸರಾದದ್ದು. ಪೊಲೀಸರ ಖಾಕಿ ಬಣ್ಣವೂ ಮಂಗಳೂರಿನ ಆ ಮಿಷನ್ ನೇಯ್ಗೆ ಶಾಲೆಯಲ್ಲೇ ಹುಟ್ಟಿತು ಅಂತ ಹೇಳ್ತಾರೆ.

ಹೆಬಿಕ್ ಮದುವೆ ಆಗಲಿಲ್ಲ. ಬಂದಾಗಿನಿಂದ 25 ವರ್ಷ ಒಂದು ಸಲವೂ ಊರಿಗೆ ಹೋಗಲಿಲ್ಲ. ಮೈ ಸೋತು 1859ರಲ್ಲಿ ಹಡಗು ಹತ್ತಿದರು, ತಿರುಗಿ ಬರಲು ಆಗಲಿಲ್ಲ. ಅಲ್ಲಿ ಜರ್ಮನಿ, ಸ್ವಿಟ್ಜರ್ಲೆಂಡಿನ ಊರೂರಿಗೆ ಹೋಗಿ ಅದನ್ನೇ ಹೇಳಿದರು. ಹೊರದೇಶದ ಅಜ್ಞಾನಿಗಳ ಕತೆ ಕೇಳೋಣ ಅಂತ ಬಂದು ಕೂತವರಿಗೆ, ಅವರನ್ನು ಬಿಡಿ, ನಿಮ್ಮ ಪಾಪದ ಮಾತಾಡೋಣ ಅಂದರೆ ಹೇಗಿರಬೇಡ! ಕೆಲವರು ಸಿಟ್ಟಾದರು, ಆದರೂ ಜನ ಕಿಕ್ಕಿರಿದು ಬಂದರು. 1868ರ ಮೇ 21ರಂದು ಸ್ಟುಟ್‌ಗಾರ್ಟ್ ಪಟ್ಟಣದಲ್ಲಿ ತೀರಿಕೊಂಡರು. ಅಂದು ಯೇಸು ಸ್ವರ್ಗಕ್ಕೆ ಏರಿದ ದಿನ ಅಂತ ಕ್ರೈಸ್ತರು ಆಚರಿಸುವ ಹಬ್ಬ. ಹತ್ತಿರದ ಕೋರ್ನ್‌ಟಾಲ್ ಅನ್ನೋ ಊರಿನಲ್ಲಿ ಮಣ್ಣು ಮಾಡಿದರು. ಆಗ ಅವರಿಗೆ 65 ವರ್ಷ.

ಇಷ್ಟು ಬರೆದು ಹಾಳೆಗಳನ್ನು ಹುಡುಗಿಯರ ಕೈಗೆ ಕೊಡಬೇಕಿತ್ತು. ನನ್ನ ಡಬ್ಬಿಯ ಸಂಗತಿ ಬರೆದ ಪುಟವನ್ನು ಎರಡು ಸಲ ಹರಿದೆ. ಕಡೆಗೆ ಹೋದ ಭಾನುವಾರ ಆ ಗೆಳೆಯನ ಊರಿಗೆ ಹೋದೆ. ಈಗ ಅವನಿಗೂ ನನ್ನಷ್ಟೇ ವಯಸ್ಸು, ಮೊಮ್ಮಕ್ಕಳಿದ್ದಾರೆ. ಸಂತೆಯಲ್ಲಿ ಎದುರಾದಾಗಲೆಲ್ಲ ಅವನು ನನಗೆ ಮೇಷ್ಟ್ರೇ ಅಂತ ಕೈ ಮುಗೀತಿದ್ದ, ನಾನು ಬೇಗ ಬೇಗ ಬೇರೆ ಕಡೆ ಹೋಗ್ತಿದ್ದೆ. ಹಟ್ಟಿ ಮುಂದೆ ಕಂಬಳಿ ಹಾಸಿದ. ಚಹಾ ಬರೋದಕ್ಕೆ ಮುಂಚೆಯೇ ಹೇಳಿಬಿಟ್ಟೆ, ಇಲ್ಲದಿದ್ದರೆ ಚಹಾ ಕುಡಿದು ಎದ್ದು ಬಂದುಬಿಡ್ತಿದ್ದೆ. ಐದು ರೂಪಾಯಿ ತೆಗೆದವನು ನಾನು ಅಂದೆ.

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಐದಲ್ಲ, ಆರು ರೂಪಾಯಿ ಅಂದ. ನಾನು ಐದು ಅಂತಲೇ ಇಷ್ಟು ವರ್ಷ ತಿಳಿದಿದ್ದೆ. ಅವನ ಅಪ್ಪ ಒಂದು ಕುರಿಮರಿ ಮಾರಿ ಆ ಆರು ರೂಪಾಯಿ ಶಾಲೆಗೆ ಕಟ್ಟಿದ್ದನಂತೆ. ಅದು ನನಗೆ ಗೊತ್ತೇ ಇರಲಿಲ್ಲ. ನಾನು ಜೇಬಿಗೆ ಕೈ ಹಾಕಿದೆ, ಬೇಡ ಅಂತ ತಲೆ ಆಡಿಸಿದ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ, ಬಿಡು ಅಂತಲೂ ಅನ್ನಲಿಲ್ಲ. ಚಹಾ ಬಂತು, ಕುಡಿದೆವು. ಅವನ ಮೊಮ್ಮಗಳು ನಮ್ಮ ಶಾಲೆಗೇ ಬರ್ತಾಳೆ. ಅದಕ್ಕೇ ಇದನ್ನು ಗೋಡೆ ಪತ್ರಿಕೆಯಲ್ಲಿ ಬರೆಯಲೇ ಅಂತ ಕೇಳಿದೆ. ನನ್ನ ಹೆಸರು ಬ್ಯಾಡ, ಅದೊಂದು ಬಿಟ್ಟು ಬರಿ ಅಂದ. ಹೊರಡುವಾಗ ಬಸ್ ಸ್ಟಾಪಿನ ತನಕ ಬಂದ. ಬಸ್ಸು ಕಂಡ ಮೇಲೆ ಒಂದು ಮಾತು ಕೇಳಿದ: ಆ ಪೆನ್ನು ಎಷ್ಟು ದಿನ ಬಂತು?

ಒಂದು ತಿಂಗಳೂ ಬರಲಿಲ್ಲ ಅಂದೆ.